ಎದ್ದು ನಿಂತು ಆಡುವ ಮಾತು



ಈ ಉಪನ್ಯಾಸಕ್ಕೆ ದತ್ತಿಯನ್ನು ಇಟ್ಟ ಮಹನೀಯರು ತಮ್ಮ ಆಯುಷ್ಯದ ಬಹುಭಾಗವನ್ನು ಕರಿಹಲಗೆಯ ಮುಂದೆ ಕಳೆದವರೆಂದೂ, ಉಪನ್ಯಾಸವು ಅಧ್ಯಾಪನಕ್ಕೆ ಸಂಬಂಧಪಟ್ಟದ್ದಾಗಿರಬೇಕೆಂಬುದೊಂದೇ ಅವರು ವಿಧಿಸಿದ ನಿಬಂಧನೆಯೆಂದೂ ಕಾರ್ಯದರ್ಶಿಗಳು ನನಗೆ ಬರೆದಾಗ, ಇಂಥ ವೇದಿಕೆಗಳಿಂದ ವಾಡಿಕೆಯಾಗಿ ಕೇಳಿಬರುವ ಶಿಕ್ಷಣದ ಧ್ಯೇಯ, ಗುರುಶಿಷ್ಯಸಂಬಂಧ, ರಾಷ್ಟ್ರನಿರ್ಮಾಣ ಮೊದಲಾದ ಮಹಾವಿಷಯಗಳನ್ನು ನನಗಿಂತ ಸಮರ್ಥರಾದವರಿಗೆ ಬಿಟ್ಟು, ಒಬ್ಬ ವಿದ್ಯಾರ್ಥಿಯು ತನ್ನ ಜಾಗದಿಂದ ಎದ್ದು ಬಂದು, ಸಹಪಾಠಿಗಳ ಕಡೆಗೆ ಮುಖಮಾಡಿ ನಿಂತು, ಐದೋ ಹತ್ತೋ ನಿಮಿಷ ಒಂದು ವಿಷಯವನ್ನು ಕುರಿತು ಮಾತನಾಡುವ ಆ ಸಣ್ಣ ಸಂದರ್ಭವನ್ನೇ ನಾನು ಆರಿಸಿಕೊಂಡೆನು. ನಮ್ಮ ಹುಡುಗರು ಇದನ್ನು ‘ಸೆಮಿನಾರ್ ಕೊಡುವುದು’ ಎನ್ನುತ್ತಾರೆ. ‘ನಾಳೆ ನನ್ನ ಸೆಮಿನಾರ್ ಇದೆ ಸಾರ್’ ಎಂದು ಹೇಳುವ ಹುಡುಗನ ಮುಖದಲ್ಲಿ ತೋರುವ ಕಳವಳವು, ‘ನಾಳೆ ಹಲ್ಲು ಕೀಳಿಸಿಕೊಳ್ಳಬೇಕು’ ಎನ್ನುವವನ ಕಳವಳಕ್ಕಿಂತ ಬೇರೆಯಾದುದೇನೂ ಅಲ್ಲ. ವಿಷಯ ಅಲ್ಪವೆಂದು ಸಭಿಕರಿಗೆ ತೋರಿದರೆ ಕ್ಷಮೆಯಿರಲಿ; ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದಿರುವ ಪಶ್ಚಾತ್ತಾಪಗಳಲ್ಲಿ ಹೆಚ್ಚಿನವು ಈ ಅಲ್ಪವಿಷಯಕ್ಕೇ ಸಂಬಂಧಪಟ್ಟವು.

ಮಾತಿನ ವಿಷಯವನ್ನೆತ್ತಿದ ಯಾವ ಕನ್ನಡಿಗನೂ ಮುತ್ತಿನ ಹಾರದ ವಚನವನ್ನು ಹೇಳದೆ ಮುಂದುವರಿಯನೆಂಬ ಸಂಪ್ರದಾಯವೊಂದುಂಟು. ಅದು ಎಲ್ಲರಿಗೂ ಬರುವುದರಿಂದ ನಾನು ಅದನ್ನು ಹೇಳುವುದಿಲ್ಲ. ಅದಕ್ಕೆ ಬದಲಾಗಿ, ಮುತ್ತುಗಳು ದಾರದಿಂದ ಕಳಚಿ ನೆಲದ ಮೇಲೆ ಉರುಳಿಹೋದ ಒಂದು ಮಧ್ಯಾಹ್ನದ ಕಥೆಯನ್ನು ಹೇಳುತ್ತೇನೆ.

ಆಗ ನಾನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ‘ಜಲಸಂರಕ್ಷಣೆ’ ಎಂಬ ವಿಷಯವನ್ನು ಕೊಟ್ಟಿದ್ದೆನು. ಕೊಟ್ಟಿದ್ದೆನೆಂದರೆ ವಿಷಯವನ್ನು ಮಾತ್ರವಲ್ಲ, ಭಾಷಣವನ್ನೇ ಕೊಟ್ಟಿದ್ದೆನು. ಎರಡು ಪುಟಗಳಷ್ಟು ಮಾತನ್ನು, ಆ ಕಾಲದಲ್ಲಿ ನನಗಿದ್ದ ಗದ್ಯದ ಮೋಹವನ್ನೆಲ್ಲ ಧಾರೆಯೆರೆದು, ನನ್ನ ಕೈಯಿಂದಲೇ ಬರೆದುಕೊಟ್ಟು, ‘ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬಾರಪ್ಪ’ ಎಂದಿದ್ದೆನು. ಆತನು ಪ್ರಾಮಾಣಿಕನಾದ ಹುಡುಗ. ಬಾಯಿಪಾಠ ಮಾಡಿಕೊಂಡು ಬಂದನು. ‘ಪಂಚಭೂತಗಳಲ್ಲಿ ಒಂದಾದ ಜಲವು’ ಎಂದು ಮೊದಲುಮಾಡಿ, ಗೋಡೆಯ ಮೇಲಿನ ಗಡಿಯಾರದ ಮೇಲೆ ದೃಷ್ಟಿ ನೆಟ್ಟು, ಉಸಿರು ತೆಗೆದುಕೊಳ್ಳದೆ ಒಂದೂವರೆ ಪುಟವನ್ನು ಓಡಿಸಿಕೊಂಡು ಬಂದವನು ‘ಅಂತರ್ಜಲದ ಮರುಪೂರಣ’ ಎಂಬ ನನ್ನ ಪದಪುಂಜದ ಬಳಿಗೆ ಬಂದು ಎಡವಿದನು. ‘ಅಂತರ್ಜಲದ… ಅಂತರ್ಜಲದ…’ ಎಂದು ಎರಡು ಬಾರಿ ಹೇಳಿ, ತಲೆಯನ್ನು ತಗ್ಗಿಸಿ, ಮತ್ತೆ ‘ಪಂಚಭೂತಗಳಲ್ಲಿ ಒಂದಾದ ಜಲವು’ ಎಂದು ಮೊದಲಿನಿಂದ ಆರಂಭಿಸಿದನು. ತರಗತಿಯಲ್ಲಿ ನಗೆಯೆದ್ದಿತು. ಎರಡನೆಯ ಸಲವೂ ಅದೇ ಜಾಗದಲ್ಲಿ, ಅದೇ ಪದದ ಮುಂದೆ, ಕೋಲೆಬಸವ ನಿಂತಂತೆ ನಿಂತನು.

ಅವನನ್ನು ಕುಳ್ಳಿರಿಸುವ ಬದಲು, ಏನೋ ತೋಚಿ, ‘ನಿಮ್ಮ ಊರ ಕೆರೆಗೆ ಎಷ್ಟು ತೂಬು ಇದೆಯೋ?’ ಎಂದು ಕೇಳಿದೆನು. ‘ಎರಡು ಸಾರ್. ದೊಡ್ ತೂಬು ಒಂದು, ಚಿಕ್ ತೂಬು ಒಂದು.’ ‘ಯಾರು ಎತ್ತುತ್ತಾರೆ?’ ‘ನೀರುಗಂಟಿ ಸಾರ್. ಎತ್ತೋ ದಿವಸ ಸಾರಿಸ್ತಾರೆ. ಚಿಕ್ ತೂಬು ಈಗ ಎತ್ತಲ್ಲ, ಹೂಳು ತುಂಬ್ಕೊಂಡಿದೆ. ಅದಕ್ಕೇ ಆ ಕಡೆ ಗದ್ದೆಯೋರು ಬೋರ್ ಹಾಕ್ಸಿರೋದು. ಕೋಡಿ ಬಿದ್ದ ವರ್ಷ ನಮ್ಮ ಬಾವೀಲಿ ನೀರು ಮೇಲಕ್ಕೆ ಬರುತ್ತೆ, ಇಲ್ಲದಿದ್ರೆ ಇಲ್ಲ.’ ನಾನು ಸುಮ್ಮನಾದೆನು. ಅಂತರ್ಜಲದ ಮರುಪೂರಣವೆಂದರೆ ಏನೆಂಬುದನ್ನು, ಕೆರೆಗೂ ಬಾವಿಗೂ ಇರತಕ್ಕ ಸಂಬಂಧವನ್ನು, ಹೂಳು ತುಂಬಿದ ತೂಬಿಗೂ ಕೊಳವೆಬಾವಿಗೂ ಇರತಕ್ಕ ಕಾರ್ಯಕಾರಣಭಾವವನ್ನು ಆ ಹುಡುಗನು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದನು. ನನ್ನ ಎರಡು ಪುಟಗಳಲ್ಲಿ ಅದು ಇರಲಿಲ್ಲ. ವಸ್ತು ಅವನಲ್ಲಿಯೇ ಇದ್ದಿತು. ಅದರ ದಾರಿಗೆ ಅಡ್ಡವಾಗಿ ಬಿದ್ದಿದ್ದ ಮರ ಯಾವುದೆಂದರೆ ನನ್ನ ಭಾಷಣ.

ಈ ಘಟನೆಯಿಂದ ‘ಮಕ್ಕಳು ತಮ್ಮ ಅನುಭವವನ್ನೇ ಹೇಳಲಿ, ಪುಸ್ತಕವೇಕೆ’ ಎಂಬ ಸುಲಭವಾದ ಸಿದ್ಧಾಂತವನ್ನು ಯಾರೂ ತೆಗೆಯಬಾರದು. ಕೆರೆಯ ಪಕ್ಕದಲ್ಲಿ ಹುಟ್ಟದವನೂ ಕೆರೆಯ ವಿಷಯವನ್ನು ಹೇಳಬೇಕಾಗುತ್ತದೆ. ತ್ರಿಕೋಣಮಿತಿಯನ್ನು ಅನುಭವಿಸಿ ಬಂದ ಹುಡುಗ ಯಾವ ಊರಿನಲ್ಲಿಯೂ ಇರಲಾರನು. ನಾನು ಕಲಿತ ಪಾಠ ಬೇರೆಯದು. ಆ ಹುಡುಗನು ನನ್ನ ಪ್ರಶ್ನೆಗೆ ಉತ್ತರ ಹೇಳುವಾಗ ತನ್ನ ಮನಸ್ಸಿನಲ್ಲಿ ಏರಿಯ ಮೇಲೆ ನಡೆದುಕೊಂಡು ಹೋಗುತ್ತಿದ್ದನು. ದೊಡ್ಡ ತೂಬಾದ ಮೇಲೆ ಚಿಕ್ಕ ತೂಬು, ಅದಾದ ಮೇಲೆ ಆಚೆಯ ಗದ್ದೆ, ಅದಾದ ಮೇಲೆ ಕೋಡಿ, ಕೊನೆಗೆ ಮನೆಯ ಬಾವಿ. ವಾಕ್ಯ ಮರೆತುಹೋಗುವ ಪ್ರಮೇಯವೇ ಅಲ್ಲಿರಲಿಲ್ಲ. ಏಕೆಂದರೆ ಅವನು ನೆನಪಿಟ್ಟುಕೊಂಡಿದ್ದುದು ವಾಕ್ಯಗಳನ್ನಲ್ಲ, ದಾರಿಯನ್ನು. ಕಂಠಪಾಠ ಮಾಡಿದವನಿಗಾದರೋ ಒಂದು ಪದದ ಕೈಯನ್ನು ಇನ್ನೊಂದು ಪದ ಹಿಡಿದುಕೊಂಡಿರುತ್ತದೆ; ನಡುವೆ ಒಂದು ಕೈಬಿಟ್ಟರೆ ಹಿಂದಿನದೆಲ್ಲ ಹಿಂದೆಯೇ ಉಳಿದು, ಮುಂದಿನದೆಲ್ಲ ಕತ್ತಲಾಗುತ್ತದೆ. ಆದುದರಿಂದ ವಿದ್ಯಾರ್ಥಿಯನ್ನು ಮಾತಿಗೆ ಸಿದ್ಧಪಡಿಸುವುದೆಂದರೆ ಮಾತುಗಳನ್ನು ಅವನ ಬಾಯಲ್ಲಿ ಇಡುವುದಲ್ಲ, ಕ್ರಮವನ್ನು ಅವನ ಕಣ್ಣಮುಂದೆ ಇಡುವುದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಬರೆದ ಕಾಗದವೊಂದು ಕೈಯಲ್ಲಿದ್ದರೆ ಭಯ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಸಂಗವನ್ನು ಬಲ್ಲವರು ಇದನ್ನು ನಂಬಲಾರರು. ಇಂಗ್ಲೆಂಡಿನಲ್ಲಿ ಕಾನೂನು ಓದುತ್ತಿದ್ದಾಗ ಅವರು ವೆಂಟ್ನರ್ ಎಂಬ ಊರಿನಲ್ಲಿ ಸಸ್ಯಾಹಾರದ ಪ್ರಚಾರಕ್ಕಾಗಿ ನಡೆದ ಒಂದು ಸಭೆಗೆ ಹೋದರು. ಭಾಷಣವನ್ನು ಓದಿದರೆ ತಪ್ಪಲ್ಲವೆಂದು ವಿಚಾರಿಸಿ ತಿಳಿದುಕೊಂಡು, ಫೂಲ್‌ಸ್ಕ್ಯಾಪ್ ಕಾಗದದ ಒಂದು ಹಾಳೆಯನ್ನು ಸಹ ತುಂಬದಷ್ಟು ಮಾತನ್ನು ಬರೆದುಕೊಂಡು ಎದ್ದು ನಿಂತರು. ಕಣ್ಣು ಮಂಜಾಯಿತು, ಮೈ ನಡುಗಿತು, ಓದಲಾಗಲಿಲ್ಲ. ಜೊತೆಗಿದ್ದ ಸ್ನೇಹಿತರು ಓದಬೇಕಾಯಿತು. ಮುಂದೊಂದು ಕಾಲಕ್ಕೆ ಲಕ್ಷಾಂತರ ಜನರೆದುರು ಮಾತನಾಡಿದ ಕಂಠವೇ ಅದು. ಭಯದ ವಿಷಯದಲ್ಲಿ ಅಧ್ಯಾಪಕರು ಇದನ್ನು ನೆನಪಿಟ್ಟುಕೊಂಡರೆ ಸಾಕು. ‘ಹೆದರಬೇಡ’ ಎಂದು ಹೇಳುವುದರಿಂದ ಹೆದರಿಕೆ ಕಡಮೆಯಾದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ.

ಕ್ರಮವನ್ನು ಮಾತ್ರ ಹಿಡಿದು ಮಾತನ್ನು ಆ ಕ್ಷಣದಲ್ಲಿ ಹುಟ್ಟಿಸಿಕೊಳ್ಳುವುದು ಮಹಾಪ್ರತಿಭಾವಂತರಿಗೆ ಮಾತ್ರ ಸಾಧ್ಯವೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಹಾಗಿಲ್ಲವೆಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಅಥೆನ್ಸಿಗೋ ರೋಮಿಗೋ ಹೋಗಬೇಕಾದುದಿಲ್ಲ. ಘಟ್ಟದ ಕೆಳಗೆ, ದಕ್ಷಿಣಕನ್ನಡದಲ್ಲಿಯೋ ಕಾಸರಗೋಡಿನಲ್ಲಿಯೋ ಉತ್ತರಕನ್ನಡದಲ್ಲಿಯೋ ಮಳೆಗಾಲದ ಒಂದು ರಾತ್ರಿ ಯಾವುದಾದರೊಂದು ದೇವಸ್ಥಾನದ ಚಾವಡಿಗೆ ಹೋದರೆ ಸಾಕು. ತುಳುನಾಡಿನ ಯಕ್ಷಗಾನಮೇಳಗಳು ತಿರುಗಾಟದ ಕೊನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ, ಮತ್ತೆ ತಿರುಗಾಟ ಹೊರಡುವವರೆಗೆ, ಅಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಪಂಚೆಯುಟ್ಟು ಶಾಲು ಹೊದ್ದ ನಾಲ್ಕಾರು ಜನರು ಎದುರುಬದುರಾಗಿ ಕುಳಿತಿರುತ್ತಾರೆ. ಭಾಗವತರು ಪ್ರಸಂಗದ ಒಂದು ಪದ್ಯವನ್ನು ಹಾಡುತ್ತಾರೆ. ಮದ್ದಳೆಯ ಸದ್ದು ಅಡಗುತ್ತಲೇ ಅರ್ಥಧಾರಿಯು ಆ ಪದ್ಯದ ಅರ್ಥವನ್ನು ಪಾತ್ರವೇ ತಾನಾಗಿ ಗದ್ಯದಲ್ಲಿ ಹೇಳಲು ಮೊದಲುಮಾಡುತ್ತಾನೆ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧಗಂಟೆಯ ಅರ್ಥ ಬರುವುದೂ ಉಂಟು. ಆ ಗದ್ಯವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.

ಪ್ರಸಿದ್ಧ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುವುದನ್ನು ಕೇಳಿದವರು ಅದನ್ನು ಮರೆತಿರಲಾರರು. ಆದರೆ ನನ್ನ ಪ್ರಯೋಜನಕ್ಕೆ ಬೇಕಾದವರು ಶೇಣಿಯವರಂಥ ಮಹನೀಯರಲ್ಲ. ಹಗಲು ಅಂಗಡಿಯಲ್ಲಿ ಅಡಕೆ ತೂಗಿ, ಶಾಲೆಯಲ್ಲಿ ಮಗ್ಗಿ ಹೇಳಿಸಿ, ಅಂಚೆ ಹಂಚಿ, ರಾತ್ರಿ ಚಾವಡಿಗೆ ಬಂದು ಸುಗ್ರೀವನೋ ತಾರೆಯೋ ಆಗಿ ಕುಳಿತುಕೊಳ್ಳುವ ಹವ್ಯಾಸಿಗಳು. ಪ್ರತಿಭೆಯಿಂದಲೇ ಎಲ್ಲವೂ ಆಗುತ್ತಿದ್ದ ಪಕ್ಷದಲ್ಲಿ ಊರೂರಿನಲ್ಲಿ ಇಷ್ಟು ಜನ ಅರ್ಥಧಾರಿಗಳು ಇರುವುದು ಹೇಗೆ? ಅಲ್ಲಿ ಒಂದು ಶಿಕ್ಷಣಕ್ರಮವಿದೆ. ಅದಕ್ಕೆ ಯಾರೂ ಶಿಕ್ಷಣವೆಂಬ ಹೆಸರಿಟ್ಟಿಲ್ಲವಷ್ಟೆ. ಹೊಸಬನು ಮೊದಲು ವರ್ಷಗಟ್ಟಲೆ ಕೇಳುತ್ತಾನೆ. ಆಮೇಲೆ ಒಬ್ಬ ದೂತನದೋ ಸಾರಥಿಯದೋ ನಾಲ್ಕು ಮಾತಿನ ಸಣ್ಣ ಅರ್ಥ ಅವನ ಪಾಲಿಗೆ ಬರುತ್ತದೆ. ಪ್ರಸಂಗದ ನಡೆ, ಯಾವ ಪದ್ಯವಾದ ಮೇಲೆ ಯಾವ ಪದ್ಯ ಎಂಬುದು, ಅವನಿಗೆ ಮನೆಯ ಮೆಟ್ಟಿಲುಗಳಂತೆ ಕತ್ತಲಲ್ಲಿಯೂ ಗೊತ್ತಿರಬೇಕು. ಮಾತು ಮಾತ್ರ ಅವನದೇ ಆಗಿರಬೇಕು. ಮಾತು ತಪ್ಪಿದರೆ ಕಾಪಾಡುವುದಕ್ಕೆ ಭಾಗವತರಿದ್ದಾರೆ. ಮುಂದಿನ ಪದ್ಯವನ್ನು ಎತ್ತಿಕೊಂಡರೆ ಸಾಕು, ಎಡವಿದವನು ಮತ್ತೆ ದಾರಿಗೆ ಬರುತ್ತಾನೆ. ಎದುರಿನ ಅರ್ಥಧಾರಿಯು ಏನು ಹೇಳಿದನೆಂಬುದನ್ನು ಕಿವಿಗೊಟ್ಟು ಕೇಳದಿದ್ದರೆ ಉತ್ತರ ಹೇಳುವಂತಿಲ್ಲವಾದುದರಿಂದ, ಕುಳಿತು ಕೇಳುವ ಹೊತ್ತೂ ಸಿದ್ಧತೆಯ ಹೊತ್ತೇ ಆಗುತ್ತದೆ.

ಇದನ್ನು ತರಗತಿಗೆ ತರುವುದು ಕಷ್ಟವಲ್ಲ. ಪ್ರಸಂಗಪದ್ಯಗಳ ಸ್ಥಾನದಲ್ಲಿ ಅಂಗೈಯಗಲದ ಒಂದು ರಟ್ಟಿನ ಚೀಟಿಯನ್ನಿಡಬಹುದು. ಮದುವೆಯ ಆಮಂತ್ರಣಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ನಾನು ಇದಕ್ಕೆ ಬಳಸುತ್ತಿದ್ದೆನು. ವೈಶಾಖದಲ್ಲಿ ಕೂಡಿಹಾಕಿದರೆ ವರ್ಷಕ್ಕೆ ಸಾಲುತ್ತಿದ್ದುವು. ಅದರ ಮೇಲೆ ಐದೇ ಸಾಲು, ಸಾಲಿಗೆ ಎರಡು ಮೂರು ಪದ, ದೊಡ್ಡ ಅಕ್ಷರದಲ್ಲಿ. ಪೂರ್ಣವಾಕ್ಯವೊಂದು ಅದರಲ್ಲಿ ಕಂಡರೆ ಚೀಟಿಯನ್ನು ಹರಿದುಹಾಕುವ ಅಧಿಕಾರ ನನಗಿದ್ದಿತು. ಮೊದಲಿನ ವಾಕ್ಯ ಮತ್ತು ಕೊನೆಯ ವಾಕ್ಯ, ಇವೆರಡನ್ನು ಮಾತ್ರ ಬಾಯಿಪಾಠ ಮಾಡಲು ಬಿಡುತ್ತಿದ್ದೆನು. ಏಕೆಂದರೆ ಗಂಟಲು ಒಣಗಿರುವುದು ಮೊದಲ ಅರ್ಧ ನಿಮಿಷದಲ್ಲಿ, ಮತ್ತು ಹೇಗೆ ಮುಗಿಸಬೇಕೆಂದು ತಿಳಿಯದೆ ‘ಇಷ್ಟು ಹೇಳಿ ನನ್ನ ಮಾತನ್ನು’ ಎಂಬ ಆ ಸವೆದುಹೋದ ಮೆಟ್ಟಿಲನ್ನು ಹುಡುಕುತ್ತ ಸುತ್ತುವುದು ಕೊನೆಯ ಎರಡು ನಿಮಿಷಗಳಲ್ಲಿ.

ವಿಷಯವನ್ನು ಕಿರಿದುಮಾಡುವುದರಲ್ಲಿಯೇ ಸಿದ್ಧತೆಯ ಅರ್ಧಭಾಗ ಕಳೆದುಹೋಗಬೇಕು. ‘ವಿಜಯನಗರಸಾಮ್ರಾಜ್ಯ’ ಎಂಬುದು ಐದು ನಿಮಿಷದ ವಿಷಯವಲ್ಲ. ‘ಹಂಪೆಯ ಬಜಾರಿನಲ್ಲಿ ಏನೇನು ಮಾರುತ್ತಿದ್ದರು’ ಎಂಬುದು ಹೌದು. ನಿಧಾನವಾಗಿ, ಕೇಳುವವರಿಗೆ ಅರ್ಥವಾಗುವಂತೆ ಮಾತನಾಡಿದರೆ ನಿಮಿಷಕ್ಕೆ 90ರಿಂದ 100 ಕನ್ನಡ ಪದಗಳು ಸಾಗುವುವೆಂದು ನಾನು ಗಡಿಯಾರವನ್ನಿಟ್ಟುಕೊಂಡು ಲೆಕ್ಕಮಾಡಿ ನೋಡಿದ್ದೇನೆ. ಐದು ನಿಮಿಷಕ್ಕೆ ಹೆಚ್ಚೆಂದರೆ 500 ಪದ; ಕೈಬರಹದ ಎರಡೂವರೆ ಪುಟವೂ ಆಗದು. ಇಷ್ಟರಲ್ಲಿ ಮೂರು ಸಂಗತಿಗಳನ್ನು ಹೇಳಬಹುದು, ಹನ್ನೆರಡನ್ನಲ್ಲ. ಹುಡುಗರು ಹನ್ನೆರಡನ್ನು ತರುತ್ತಾರೆ. ಒಂಬತ್ತನ್ನು ಬಿಡಿಸುವುದು ಅಧ್ಯಾಪಕನ ಕೆಲಸ, ಮತ್ತು ಅದು ಕಾಯಿ ಕೀಳಲು ಬಿಡದ ಮುದುಕಿಯೊಡನೆ ವಾದಮಾಡಿದಷ್ಟು ಕಷ್ಟದ ಕೆಲಸ.

ಅಭ್ಯಾಸವನ್ನು ಕನ್ನಡಿಯ ಮುಂದೆ ಮಾಡೆಂದು ಹೇಳುವ ಹಳೆಯ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ. ಕನ್ನಡಿಯು ಪ್ರಶ್ನೆ ಕೇಳುವುದಿಲ್ಲ. ಅದರ ಮುಂದೆ ನಿಂತವನು ತನ್ನ ಮುಖವನ್ನು ನೋಡುತ್ತಾನೆಯೇ ಹೊರತು ತನ್ನ ವಿಷಯವನ್ನಲ್ಲ. ಆ ವಿಷಯವನ್ನು ತಿಳಿಯದ ಒಬ್ಬರಿಗೆ, ಅಜ್ಜಿಗೋ ತಂಗಿಗೋ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗೆಳೆಯನಿಗೋ, ಮೂರು ಸಲ ಹೇಳಬೇಕು. ಮೂರು ಸಲವೂ ಮಾತು ಬೇರೆ ಬೇರೆಯಾಗಿರಬೇಕು, ಕ್ರಮ ಮಾತ್ರ ಒಂದೇ ಆಗಿರಬೇಕು. ಮೂರನೆಯ ಸಲ ಮೊದಲ ಸಲದ ಮಾತುಗಳೇ ಬಂದರೆ ಮತ್ತೆ ಬಾಯಿಪಾಠಕ್ಕೆ ಜಾರಿದ್ದಾನೆಂದೇ ಅರ್ಥ.

ಈಚಿನ ದಿನಗಳಲ್ಲಿ ಗೋಡೆಯ ಮೇಲೆ ಬೆಳಕು ಬಿಟ್ಟು ಸ್ಲೈಡುಗಳನ್ನು ತೋರಿಸುವ ಪದ್ಧತಿ ಬಂದಿದೆ. ಹುಡುಗರು ಇದಕ್ಕೆ ಪಿಪಿಟಿ ಎನ್ನುತ್ತಾರೆ. ಇದರ ಮೇಲೆ ನನಗೆ ದ್ವೇಷವಿಲ್ಲ. ಭೂಪಟ, ಎಲೆಯ ಅಡ್ಡಕೊಯ್ತ, ಶಾಸನದ ಚಿತ್ರ ಇವುಗಳನ್ನು ಬಾಯಿಮಾತಿನಿಂದ ತೋರಿಸಲಾಗದು. ಆದರೆ ಪ್ಯಾರಾಗಟ್ಟಲೆ ಗದ್ಯವನ್ನು ಗೋಡೆಯ ಮೇಲೆ ಮೂಡಿಸಿ, ಸಭೆಗೆ ಬೆನ್ನು ತಿರುಗಿಸಿ ಅದನ್ನು ಓದುವವನು, ಹಿಂದೆ ನನ್ನ ಎರಡು ಪುಟಗಳನ್ನು ಒಪ್ಪಿಸಿದ ಹುಡುಗನಿಗಿಂತ ಒಂದು ಮೆಟ್ಟಿಲು ಕೆಳಗಿದ್ದಾನೆ. ಆ ಹುಡುಗನು ಬಾಯಿಪಾಠವನ್ನಾದರೂ ಮಾಡಿದ್ದನು.

ನಮ್ಮ ಹಿಂದಿನವರಿಗೆ ಈ ದೋಷಗಳೆಲ್ಲ ತಿಳಿದಿದ್ದುವು. ಪಾಣಿನೀಯಶಿಕ್ಷೆಯೆಂಬ ಪುಟ್ಟ ಗ್ರಂಥದಲ್ಲಿ ಅಧಮರಾದ ಪಾಠಕರು ಆರು ಬಗೆಯವರೆಂದು ಹೇಳಿದೆ: ರಾಗವೆಳೆಯುವವನು, ಅವಸರಪಡುವವನು, ತಲೆಯಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವರಿಯದವನು, ಸ್ವರ ಕ್ಷೀಣವಾದವನು. ವೇದಪಾಠವನ್ನು ಉದ್ದೇಶಿಸಿ ಹೇಳಿದ ಈ ಪಟ್ಟಿಯನ್ನು ಯಾವ ಕಾಲೇಜಿನ ಸೆಮಿನಾರಿಗೆ ಹಿಡಿದುಕೊಂಡು ಹೋದರೂ ಆರು ಜನರೂ ಮೊದಲ ಗಂಟೆಯಲ್ಲಿಯೇ ಸಿಗುತ್ತಾರೆ. ಅದೇ ಗ್ರಂಥದಲ್ಲಿ ಅಕ್ಷರಗಳ ಉಚ್ಚಾರಣೆಗೆ ಕೊಟ್ಟಿರುವ ಉಪಮೆಯು ನನಗೆ ಇನ್ನೂ ಪ್ರಿಯವಾದುದು: ಹೆಣ್ಣುಹುಲಿಯು ತನ್ನ ಮರಿಗಳನ್ನು ಕೋರೆಹಲ್ಲುಗಳ ನಡುವೆ ಕಚ್ಚಿಕೊಂಡು ಹೋಗುವಾಗ, ಬಿದ್ದುಹೋಗದಂತೆಯೂ ಗಾಯವಾಗದಂತೆಯೂ ಎಷ್ಟು ಬಿಗಿ ಬೇಕೋ ಅಷ್ಟೇ ಬಿಗಿಯನ್ನು ಹಿಡಿಯುತ್ತದೆಯಲ್ಲವೆ, ವರ್ಣಗಳನ್ನು ಹಾಗೆ ಹಿಡಿಯಬೇಕಂತೆ.

ಅಧ್ಯಾಪಕರು ಈ ಹುಲಿಯಿಂದ ಕಲಿಯಬೇಕಾದುದು ಇನ್ನೂ ಒಂದುಂಟು. ನಮ್ಮ ಸೀಮೆಯ ಎಷ್ಟೋ ಮಕ್ಕಳ ಮನೆಮಾತಿನಲ್ಲಿ ಹಕಾರವಿಲ್ಲ; ಹಸಿವು ಅಸಿವಾಗುತ್ತದೆ, ಹಾಲು ಆಲಾಗುತ್ತದೆ. ಇದು ಸೋಮಾರಿತನವಲ್ಲ, ಆಡುಮಾತಿನ ನಿಯಮ. ಇದನ್ನು ತಿದ್ದುವುದಕ್ಕೆ ಬೇರೆ ಹೊತ್ತಿದೆ. ಒಮ್ಮೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಾಗತ ಹೇಳಬೇಕಾದ ಹುಡುಗಿಯೊಬ್ಬಳನ್ನು ಹಕಾರದ ವಿಷಯದಲ್ಲಿ ನಾವು ಎಷ್ಟು ಹೆದರಿಸಿಬಿಟ್ಟಿದ್ದೆವೆಂದರೆ, ವೇದಿಕೆಗೆ ಬಂದ ಮುಖ್ಯ ಅತಿಥಿಗಳಿಗೆ ಆಕೆಯು ‘ಹಾದರದ ಸ್ವಾಗತ’ವನ್ನು ಕೋರಿದಳು. ಸಭೆ ನಕ್ಕಿತು, ನಾವೂ ನಕ್ಕೆವು, ಇಂದಿಗೂ ಅಧ್ಯಾಪಕರ ಕೊಠಡಿಗಳಲ್ಲಿ ಇಂಥ ಕಥೆಗಳನ್ನು ಹೇಳಿಕೊಂಡು ನಗುತ್ತಾರೆ. ಆ ಹುಡುಗಿಯು ಶಾಲೆ ಬಿಡುವವರೆಗೆ ಮತ್ತೆ ಎದ್ದು ನಿಂತು ಮಾತನಾಡಲಿಲ್ಲ. ಮಾತಿನ ನಡುವೆ ಉಚ್ಚಾರಣೆಯನ್ನು ತಿದ್ದಬಾರದೆಂಬುದನ್ನು ನಾನು ಆ ದಿವಸದಿಂದ ವ್ರತದಂತೆ ಪಾಲಿಸಿದ್ದೇನೆ. ತೊದಲುವ ಮಕ್ಕಳ ವಿಷಯದಲ್ಲಿಯಂತೂ ಅವರ ವಾಕ್ಯವನ್ನು ನಾವು ಮುಗಿಸಿಕೊಡುವುದು ದಯೆಯಂತೆ ತೋರುವ ಕ್ರೌರ್ಯ. ಅವರು ಕುಳಿತಲ್ಲಿಂದಲೇ ಮಾತನಾಡಲಿ, ಮೂವರ ಮುಂದೆ ಮಾತನಾಡಲಿ, ಬೇಕಾದಷ್ಟು ಹೊತ್ತು ತೆಗೆದುಕೊಳ್ಳಲಿ.

ಇನ್ನು ಕೇಳುವವರ ವಿಷಯ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಜನರ ಪ್ರಶಂಸೆ ಬರುತ್ತದೆಂಬುದನ್ನು ಎಲ್ಲರೂ ಬಲ್ಲೆವು. ಓದದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರೆಂಬ ಮಾತನ್ನು ಮಾತ್ರ ಎದೆತಟ್ಟಿಕೊಂಡು ಹೇಳುತ್ತೇವೆ. ಆದರೆ ಅಲ್ಲಿಯೇ ಕವಿಯು ಹೊಗಳಿರುವುದು ಎರಡು ಶಕ್ತಿಗಳನ್ನು: ಹದವರಿತು ನುಡಿಯುವುದು ಒಂದು, ನುಡಿದುದನ್ನು ಅರಿತು ವಿಚಾರಮಾಡುವುದು ಇನ್ನೊಂದು. ಎರಡನೆಯದನ್ನು ನಮ್ಮ ಶಾಲೆಗಳು ಪೂರ್ತಿಯಾಗಿ ಮರೆತಿವೆ. ಅರುವತ್ತು ಜನರ ತರಗತಿಯಲ್ಲಿ ಒಬ್ಬನು ಮಾತನಾಡುತ್ತಿರುವಾಗ ಉಳಿದ ಐವತ್ತೊಂಬತ್ತು ಜನರು ತಮ್ಮ ಸರದಿಯ ಭಯದಲ್ಲಿಯೋ, ಸರದಿ ಮುಗಿದ ಸಮಾಧಾನದಲ್ಲಿಯೋ ಇರುತ್ತಾರೆ.

ನ್ಯಾಯಸೂತ್ರದ ಐದನೆಯ ಅಧ್ಯಾಯದಲ್ಲಿ ವಾದದಲ್ಲಿ ಸೋಲನ್ನು ತರುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿದೆ. ಶಾಸ್ತ್ರಪಂಡಿತರ ಸೊತ್ತೆಂದು ನಾವು ದೂರವಿಟ್ಟಿರುವ ಆ ಪಟ್ಟಿಯಲ್ಲಿ ತರಗತಿಯ ಚಿತ್ರವೇ ಇದೆ. ಪ್ರಕೃತವನ್ನು ಬಿಟ್ಟು ಬೇರೆ ವಿಷಯಕ್ಕೆ ಹೋಗುವುದು ಅರ್ಥಾಂತರ. ಮೂರು ಸಲ ಹೇಳಿದರೂ ಸಭೆಗೆ ತಿಳಿಯದಂತೆ ಹೇಳುವುದು ಅವಿಜ್ಞಾತಾರ್ಥ. ಕ್ರಮ ತಪ್ಪಿಸಿ ಹೇಳುವುದು ಅಪ್ರಾಪ್ತಕಾಲ. ಬೇರೆ ಕೆಲಸವಿದೆಯೆಂಬ ನೆಪವೊಡ್ಡಿ ವಾದವನ್ನು ನಡುವೆ ನಿಲ್ಲಿಸಿ ಹೊರಡುವುದು ವಿಕ್ಷೇಪ. ಸೆಮಿನಾರಿನ ದಿವಸ ಬೆಳಗ್ಗೆ ಬರತಕ್ಕ ಹೊಟ್ಟೆನೋವು ಈ ಕೊನೆಯ ವರ್ಗಕ್ಕೆ ಸೇರಿದ್ದು. ಆದರೆ ಇವೆಲ್ಲವುಗಳಿಗಿಂತ ಬೆಲೆಯುಳ್ಳದ್ದು ಅನನುಭಾಷಣವೆಂಬುದು: ಸಭೆಗೆ ತಿಳಿದ, ಮೂರು ಸಲ ಹೇಳಲ್ಪಟ್ಟ ಎದುರಾಳಿಯ ಮಾತನ್ನು ತಿರುಗಿ ಹೇಳಲಾರದಿರುವುದು. ಅಂದರೆ ಎದುರಿನವನ ಮಾತನ್ನು ಹೀಗೆ ತಿರುಗಿ ಹೇಳಲಾರದವನಿಗೆ, ಶಾಸ್ತ್ರದ ಮಾತಿನಲ್ಲಿ ಅನುವಾದಮಾಡಲಾರದವನಿಗೆ, ಅದನ್ನು ಖಂಡಿಸುವ ಅಧಿಕಾರವೂ ಇಲ್ಲ.

ಇದನ್ನು ನಾನು ಹೀಗೆ ಬಳಸಿದೆನು. ಒಬ್ಬ ವಿದ್ಯಾರ್ಥಿಯು ಮಾತು ಮುಗಿಸಿದೊಡನೆ ಯಾರ ಹೆಸರನ್ನಾದರೂ ಕೂಗುವುದು. ಅವನು ಎದ್ದು, ಕೇಳಿದ ವಿಷಯವನ್ನು ಎರಡು ವಾಕ್ಯಗಳಲ್ಲಿ ಅನುವಾದಮಾಡಿ, ಆಮೇಲೆ ಒಂದು ಪ್ರಶ್ನೆಯನ್ನು ಕೇಳತಕ್ಕದ್ದು. ಅನುವಾದ ಸರಿಯೇ ಎಂದು ಹೇಳುವವನು ಅಧ್ಯಾಪಕನಲ್ಲ, ಮಾತನಾಡಿದವನು. ‘ಹಾಗಲ್ಲ ಕಣೋ ನಾನು ಹೇಳಿದ್ದು’ ಎಂದು ಅವನು ತಿದ್ದಲು ತೊಡಗಿದಾಗ, ಮೂರು ನಿಮಿಷದ ಹಿಂದೆ ಕಾಲು ನಡುಗುತ್ತಿದ್ದ ಅದೇ ಹುಡುಗನು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟು, ಸೀಮೆಸುಣ್ಣವನ್ನು ತೆಗೆದುಕೊಂಡು, ಕರಿಹಲಗೆಯ ಕಡೆಗೆ ತಾನಾಗಿಯೇ ನಡೆಯುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ನನ್ನ ದೃಷ್ಟಿಯಲ್ಲಿ ಸೆಮಿನಾರು ಆರಂಭವಾಗುವುದು ಅಲ್ಲಿಂದ. ಅಂಕಗಳನ್ನು ಕೊಡಲೇಬೇಕಾಗಿದ್ದರೆ ಅರ್ಧವನ್ನು ಮಾತಿಗೂ ಅರ್ಧವನ್ನು ಅನುವಾದಕ್ಕೂ ಪ್ರಶ್ನೆಗೂ ಕೊಡಿರಿ. ಐವತ್ತೊಂಬತ್ತು ಜನರೂ ಎಚ್ಚತ್ತು ಕೂರುತ್ತಾರೆ.

ಅರುವತ್ತು ಜನರ ತರಗತಿಯಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿದೆಯೆಂದು ಅಧ್ಯಾಪಕಬಂಧುಗಳು ಕೇಳುವುದು ನ್ಯಾಯವೇ. ತಲೆಗೆ ಹತ್ತು ನಿಮಿಷವೆಂದರೆ 600 ನಿಮಿಷ. 45 ನಿಮಿಷದ ಪಿರಿಯಡ್ಡುಗಳಲ್ಲಿ ಹದಿಮೂರು ಮುಗಿದು ಹದಿನಾಲ್ಕನೆಯದಕ್ಕೂ ಕೈಹಾಕಬೇಕು. ಎಲ್ಲವನ್ನೂ ವರ್ಷಾಂತ್ಯದ ಎರಡು ವಾರಗಳಲ್ಲಿ ತುರುಕಿ, ಆಂತರಿಕ ಮೌಲ್ಯಮಾಪನದ ಪಟ್ಟಿಯನ್ನು ತುಂಬಿ ಕಳುಹಿಸುವುದು ಈಗಿನ ವಾಡಿಕೆ. ಅದರ ಬದಲು ಜೂನ್ ತಿಂಗಳಿನಿಂದ ಮೊದಲುಮಾಡಿ, ದಿವಸಕ್ಕೊಬ್ಬರಂತೆ, ಹಾಜರಿ ಕರೆದ ಮೇಲೆ ಐದು ನಿಮಿಷ ಬಿಟ್ಟರೆ, ವರ್ಷದಲ್ಲಿ ಪ್ರತಿಯೊಬ್ಬನಿಗೂ ಎರಡೋ ಮೂರೋ ಸರದಿ ಬರುತ್ತದೆ. ತಾಳಮದ್ದಳೆಯ ಹೊಸಬನಂತೆ ಸಣ್ಣ ಅರ್ಥದಿಂದ ದೊಡ್ಡ ಅರ್ಥಕ್ಕೆ ಏರುವ ಅವಕಾಶ ಆಗ ಮಾತ್ರ ಉಂಟಾಗುತ್ತದೆ. ವರ್ಷಕ್ಕೊಂದೇ ಸಲ ಮಾತನಾಡುವವನಿಗೆ ಆ ಸಲವು ಪರೀಕ್ಷೆಯಾಗುತ್ತದೆಯೇ ಹೊರತು ಅಭ್ಯಾಸವಾಗುವುದಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಒದಗುತ್ತದೆ. ವಿಷಯ ಇಂಗ್ಲಿಷಿನದು, ಪುಸ್ತಕ ಇಂಗ್ಲಿಷಿನದು, ಸೆಮಿನಾರು ಇಂಗ್ಲಿಷಿನಲ್ಲಿ. ಹಾಗಾಗಿ ಶಾಲೆಯಲ್ಲಿ ಬಿಟ್ಟುಬಂದ ಬಾಯಿಪಾಠವು ಅಲ್ಲಿ ಮರಳಿ ಹುಟ್ಟುತ್ತದೆ. ಎಂಜಿನಿಯರಿಂಗ್ ಓದುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ‘ಏನು ಹೇಳ್ಬೇಕು ಅಂತ ಗೊತ್ತು ಸಾರ್, ಹೇಳಕ್ಕೆ ಬರಲ್ಲ’ ಎಂದಾಗ, ‘ಮೊದಲು ಕನ್ನಡದಲ್ಲಿ ನನಗೆ ಹೇಳು’ ಎಂದೆನು. ಅವನಿಗೆ ಅದೂ ಬರಲಿಲ್ಲ. ಗೊತ್ತಿದೆಯೆಂದು ಅವನು ಎಣಿಸಿದ್ದುದು ಇಂಗ್ಲಿಷ್ ವಾಕ್ಯಗಳನ್ನು ಮಾತ್ರ. ಸರ್ಕಿಟ್, ವೋಲ್ಟೇಜ್ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು, ವಿಷಯವನ್ನು ಮನೆಮಾತಿನಲ್ಲಿ ಎರಡು ಸಂಜೆ ಬಿಡಿಸಿ ಹೇಳಿದ ಮೇಲೆ, ಇಂಗ್ಲಿಷು ವ್ಯಾಕರಣ ತಪ್ಪಿಕೊಂಡಾದರೂ ಬಂದಿತು. ಬಂದ ಮಾತು ಅವನದಾಗಿತ್ತು. ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಎದ್ದು ನಿಂತು ಹೇಳುವುದು ಹಿಂದಿನವರಿಗೂ ಸುಲಭವಾಗಿರಲಿಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ಕನ್ನಡದಲ್ಲಿಯೇ ಉಪನ್ಯಾಸಮಾಡಿದ ಕಾಲದಲ್ಲಿ, ಇಂಗ್ಲಿಷ್ ಓದಿದವರು ಸಭೆಯಲ್ಲಿ ಕನ್ನಡವಾಡಲು ನಾಚುತ್ತಿದ್ದರು. ಆ ನಾಚಿಕೆಯನ್ನು ಬಿಡಿಸಿದ್ದು ಶ್ರೀಕಂಠಯ್ಯನವರಂಥವರು ಊರಿಂದೂರಿಗೆ ಹೋಗಿ ಮಾಡಿದ ಭಾಷಣಗಳು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ವಿಜ್ಞಾನವನ್ನೂ ಚರಿತ್ರೆಯನ್ನೂ ಹಳ್ಳಿಯ ಜನರ ಕಿವಿಗೆ ಕನ್ನಡದಲ್ಲಿ ಮುಟ್ಟಿಸಿದುವು.

ಅಧ್ಯಕ್ಷರು ಗಡಿಯಾರವನ್ನು ಎರಡು ಸಲ ನೋಡಿದುದನ್ನು ನಾನು ಗಮನಿಸಿದ್ದೇನೆ. ದತ್ತಿ ಉಪನ್ಯಾಸಗಳಲ್ಲಿ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಉಪನ್ಯಾಸಕನು ಮುಗಿಸಿದೊಡನೆ ಹಾರ, ವಂದನಾರ್ಪಣೆ, ಉಪ್ಪಿಟ್ಟು ಎಂಬ ಕ್ರಮ ರೂಢಿಯಲ್ಲಿದೆ. ಇದುವರೆಗೆ ಹೇಳಿದ ಮೇಲೆ ನಾನೇ ಆ ರೂಢಿಯ ಮರೆಯಲ್ಲಿ ಅಡಗಿಕೊಂಡರೆ ಚೆನ್ನಾಗಿರಲಾರದೆಂದು, ಬರುವಾಗಲೇ ಕಾರ್ಯದರ್ಶಿಗಳಿಂದ ಹದಿನೈದು ನಿಮಿಷಗಳನ್ನು ಬೇಡಿ ಪಡೆದಿದ್ದೇನೆ. ಬಾಗಿಲ ಬಳಿಯ ಸಾಲಿನಲ್ಲಿರುವ ವಿದ್ಯಾರ್ಥಿಮಿತ್ರರಲ್ಲಿ ಯಾರಾದರೊಬ್ಬರು ದಯವಿಟ್ಟು ಎದ್ದು ನಿಲ್ಲಿರಿ; ನಾನು ಏನು ಹೇಳಿದೆನೆಂಬುದನ್ನು ಎರಡು ವಾಕ್ಯಗಳಲ್ಲಿ ನಿಮ್ಮ ಮಾತಿನಲ್ಲಿ ಹೇಳಿ, ಆಮೇಲೆ ಪ್ರಶ್ನೆ ಕೇಳಿರಿ.